ಮೊದಲು ಎಲೆ ಮೂಸಿ ನೋಡಿ, ಆಮೇಲೆ ಔಷಧಿ

ಜೂನ್ ಬಂತೆಂದರೆ ಬೆಂಗಳೂರಿನ ಬಾಲ್ಕನಿಗಳಲ್ಲಿ ಎಲೆ ಒಣಗುವುದೇ ಇಲ್ಲ. ಜಿಟಿಜಿಟಿ ಮಳೆ ಸಾಲದು ಅಂತ ನಾವೂ ಪೈಪು ಹಿಡಿದು ಎಲೆಗೆಲ್ಲ ನೀರು ಹೊಡೆಯುತ್ತೇವೆ. ಚುಕ್ಕೆ ಕಂಡ ಕೂಡಲೇ ಅಂಗಡಿಗೆ ಓಡಿ ಯಾವುದೋ ಪುಡಿ ತಂದು ಸುರಿಯುವವರೇ ಜಾಸ್ತಿ. ಸ್ವಲ್ಪ ತಡೀರಿ. ಬಂದಿರುವುದು ಶಿಲೀಂಧ್ರವೋ ಬ್ಯಾಕ್ಟೀರಿಯಾವೋ ಮೊದಲು ಗೊತ್ತಾಗಬೇಕು, ಅಲ್ವಾ?

ಒಂದು ಎಲೆ ಕಿತ್ತು ಬೆಳಕಿಗೆ ಹಿಡಿಯಿರಿ. ಮಚ್ಚೆ ಒಣಗಿ ಕಂದಾಗಿ, ಸುತ್ತುಸುತ್ತಾಗಿ ಗೆರೆ ಕಂಡರೆ ಹೆಚ್ಚಾಗಿ ಶಿಲೀಂಧ್ರ. ಕ್ರೋಟನ್, ಡ್ರಸೀನಾದಲ್ಲಿ ಇದು ಮಾಮೂಲು. ಬ್ಯಾಕ್ಟೀರಿಯಾದ ಮಚ್ಚೆ ಎಣ್ಣೆ ತಾಗಿದ ಕಾಗದದ ಹಾಗೆ ಒದ್ದೆಯಾಗಿ, ಬೆಳಕು ಹಾಯುವಂತೆ ಇರುತ್ತದೆ. ಸುತ್ತ ಹಳದಿ ಅಂಚು. ಡಿಫೆನ್‌ಬೇಕಿಯಾದ ಕಾಂಡ ಒತ್ತಿದರೆ ಬೆರಳು ಒಳಗೆ ಹೋಗುತ್ತದೆಯೇ, ಕೊಳೆತ ವಾಸನೆ ಬರುತ್ತದೆಯೇ? ಅದು ಬ್ಯಾಕ್ಟೀರಿಯಾದ ಕೆಲಸ. ಈ ಗಿಡದ ರಸ ಕೈಗೆ ತುರಿಕೆ ತರುತ್ತದೆ, ಗ್ಲೌಸ್ ಹಾಕಿಕೊಳ್ಳಿ.

ಅಂಥೂರಿಯಂ ಸಾಕುವವರು ಇನ್ನೂ ಹುಷಾರಾಗಿರಬೇಕು. ಬೆಳಗಿನ ಜಾವ ಎಲೆಯಂಚಿನಲ್ಲಿ ಸಣ್ಣ ನೀರ ಹನಿ ನಿಲ್ಲುತ್ತದಲ್ಲ, ಆ ಹನಿ ಬರುವ ರಂಧ್ರದಿಂದಲೇ ಬ್ಯಾಕ್ಟೀರಿಯಾ ಒಳಗೆ ನುಗ್ಗುತ್ತದೆ. ಅದಕ್ಕೇ ಮೊದಲ ಮಚ್ಚೆ ಅಂಚಿನಲ್ಲಿ ಬರುತ್ತದೆ. ಕಾಂಡಕ್ಕೆ ಇಳಿದ ಮೇಲೆ ಯಾವ ಮದ್ದೂ ನಾಟುವುದಿಲ್ಲ. ಮಣ್ಣಿನ ಸಮೇತ ಕವರಿಗೆ ಹಾಕಿ ಕಸಕ್ಕೆ ಕೊಡಿ, ಮನೆಯ ಗೊಬ್ಬರದ ಡಬ್ಬಿಗೆ ಮಾತ್ರ ಬೇಡ. ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸದೆ ಇನ್ನೊಂದು ಗಿಡ ಮುಟ್ಟಬೇಡಿ.

ಶಿಲೀಂಧ್ರವಾದರೆ ಹೆಚ್ಚಾಗಿ ಗಿಡ ಉಳಿಯುತ್ತದೆ. ರೋಗದ ಎಲೆ ತೆಗೆದು, ಕುಂಡಗಳ ನಡುವೆ ಗಾಳಿ ಆಡಲು ಜಾಗ ಬಿಡಿ. ನೀರು ಬೆಳಗ್ಗೆಯೇ, ಬುಡಕ್ಕೆ ಮಾತ್ರ. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ, ಬೇರು ಕೊಳೆಯುವುದು ಅಲ್ಲಿಂದಲೇ. ಸುಮ್ನೆ ಇಷ್ಟರಲ್ಲೇ ಮುಕ್ಕಾಲು ಪಾಲು ಕೆಲಸ ಮುಗಿಯುತ್ತದೆ ಅಂತ ನನ್ನ ಲೆಕ್ಕ.

ಆದರೂ ನಿಲ್ಲದಿದ್ದರೆ ಮಲೆನಾಡಿನವರು ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೊ ದ್ರಾವಣ ಇದೆ. 10 ಗ್ರಾಂ ಮೈಲುತುತ್ತ (ತಾಮ್ರದ ಸಲ್ಫೇಟ್) ಅರ್ಧ ಲೀಟರ್ ನೀರಿನಲ್ಲಿ, 10 ಗ್ರಾಂ ಸುಣ್ಣ ಇನ್ನರ್ಧ ಲೀಟರ್‌ನಲ್ಲಿ, ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕರಗಿಸಿ. ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿದು ಕಲಕಿ. ಉಜ್ಜಿದ ಕಬ್ಬಿಣದ ಚಾಕು ಅದ್ದಿ ತೆಗೆಯಿರಿ. ಕೆಂಪಾಗಿ ಲೇಪ ಬಂದರೆ ಸುಣ್ಣ ಸಾಲದು, ಇನ್ನಷ್ಟು ಸುಣ್ಣದ ತಿಳಿ ಹಾಕಿ. ಅಂದೇ ಬಳಸಿ, ಬಿಸಿಲಿನಲ್ಲಿ ಹೊಡೆಯಬೇಡಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಅಂಥೂರಿಯಂಗೆ ಮಾತ್ರ ಬೇಡ, ತಾಮ್ರಕ್ಕೆ ಅದರ ಎಲೆ ಸುಟ್ಟುಹೋಗುತ್ತದೆ.

ದಾಸವಾಳದ ಎಲೆ ಮೇಲಿನ ಕಪ್ಪು ಮಸಿಗೆ ಇದ್ಯಾವುದೂ ಬೇಕಿಲ್ಲ. ಮೇಲೆ ಕೂತ ಹಿಟ್ಟು ತಿಗಣೆ ಎಂಬ ಬಿಳಿ ಕೀಟ ಬಿಡುವ ಅಂಟಿನ ಮೇಲೆ ಅದು ಬೆಳೆಯುತ್ತದೆ. ತಿಗಣೆ ತೊಳೆದರೆ ಮಸಿಯೂ ಹೋಗುತ್ತದೆ.

ಲಾಲ್‌ಬಾಗಿನ ಆಗಸ್ಟ್ ಫಲಪುಷ್ಪ ಪ್ರದರ್ಶನ ಬರುವುದು ಸರಿಯಾಗಿ ಮಳೆಗಾಲದಲ್ಲೇ. ಅಲ್ಲಿಂದ ಗಿಡ ತಂದರೆ ಎರಡು ವಾರ ಉಳಿದ ಕುಂಡಗಳಿಂದ ದೂರ ಇಡಿ, ಜಾಗ ಇಲ್ಲದಿದ್ದರೆ ಮೆಟ್ಟಿಲ ಬಳಿಯಾದರೂ ಸರಿ.