ಎರಡು ಹಳೇ ಕಂಪ್ಯೂಟರ್, ಒಂದೇ ಸರಳೆ ವರಸೆ

1980ರ ದಶಕದಲ್ಲಿ ಬ್ರಿಟನ್ನಿನ ಮಕ್ಕಳು ಸ್ಪೆಕ್ಟ್ರಮ್, ಕಮೊಡೋರ್ ಅನ್ನುವ ಎರಡು ಮನೆ ಕಂಪ್ಯೂಟರ್‌ಗಳಲ್ಲಿ ಯಾವುದು ಚೆನ್ನ ಅಂತ ಎರಡು ಕಡೆಯಾಗಿ ಜಗಳವಾಡುತ್ತಿದ್ದರು. ನಾನು ಸ್ಪೆಕ್ಟ್ರಮ್ ಕಡೆಯವನೂ ಅಲ್ಲ, ಕಮೊಡೋರ್ ಕಡೆಯವನೂ ಅಲ್ಲ. ನಾನು ಮೊದಲು ಮುಟ್ಟಿದ ಕಂಪ್ಯೂಟರ್ ಶಾಲೆಯಲ್ಲಿದ್ದ ಬಿಬಿಸಿ ಮೈಕ್ರೋ. 1984ರಲ್ಲಿ ಕೇಂದ್ರ ಸರ್ಕಾರ ಕ್ಲಾಸ್ ಅನ್ನುವ ಯೋಜನೆ ಶುರು ಮಾಡಿ ಆಯ್ದ ಶಾಲೆಗಳಿಗೆ ಅದನ್ನು ಕೊಟ್ಟಿತ್ತು. ಕೆಲಸಕ್ಕೆ ಅಂತ ಇಂಗ್ಲೆಂಡಿಗೆ ಬಂದ ಮೇಲೆ ಗೊತ್ತಾಯಿತು, ಇಲ್ಲಿ ನನ್ನ ವಯಸ್ಸಿನವರಿಗೆ ಈ ಜಗಳ ಇನ್ನೂ ಆರಿಲ್ಲ ಅಂತ. ಆಫೀಸಿನಲ್ಲಿ ಇಬ್ಬರು ಗೆಳೆಯರು. ಒಬ್ಬರ ಬಾಲ್ಯ ಪೂರ್ತಿ ಝಡ್‌ಎಕ್ಸ್ ಸ್ಪೆಕ್ಟ್ರಮ್, ಇನ್ನೊಬ್ಬರದು ಕಮೊಡೋರ್ 64. ಊಟದ ಹೊತ್ತಿಗೆ ಮಾತು ಅಲ್ಲಿಗೇ ಬಂದು ನಿಲ್ಲುತ್ತಿತ್ತು.

ಜಗಳಕ್ಕೆ ಕಾರಣವೂ ಇತ್ತು. ಎರಡೂ 1982ರ ಯಂತ್ರಗಳು. 48ಕೆ ಮೆಮೊರಿಯ ಸ್ಪೆಕ್ಟ್ರಮ್‌ಗೆ 175 ಪೌಂಡ್. ಕಮೊಡೋರ್ ಬ್ರಿಟನ್ನಿಗೆ ಬಂದಾಗ ಅದರ ಎರಡು ಪಟ್ಟಿಗಿಂತ ಜಾಸ್ತಿ ಬೆಲೆ. ಒಂದರ ಗೇಮ್ ಕ್ಯಾಸೆಟ್ ಇನ್ನೊಂದರಲ್ಲಿ ಓಡುತ್ತಿರಲಿಲ್ಲ. ಹಾಗಾಗಿ ಅಪ್ಪ ಅಮ್ಮ ಯಾವುದನ್ನು ತಂದರು ಅನ್ನುವುದರ ಮೇಲೆ ಶಾಲೆಯಲ್ಲಿ ಯಾರ ಜೊತೆ ಗೇಮ್ ಬದಲಾಯಿಸಿಕೊಳ್ಳಬಹುದು, ಯಾರ ಮನೆಗೆ ಹೋಗಬಹುದು ಅನ್ನುವುದೂ ತೀರ್ಮಾನವಾಗುತ್ತಿತ್ತು. ಮಕ್ಕಳಷ್ಟೇ ಅಲ್ಲ. 1984ರ ಕ್ರಿಸ್‌ಮಸ್ ಹೊತ್ತಿಗೆ ಕೇಂಬ್ರಿಡ್ಜಿನ ಒಂದು ಪಬ್ಬಿನಲ್ಲಿ ಸ್ಪೆಕ್ಟ್ರಮ್ ಮಾಡಿದ ಕಂಪನಿಯ ಸರ್ ಕ್ಲೈವ್ ಸಿಂಕ್ಲೇರ್ ಮತ್ತು ಬಿಬಿಸಿ ಮೈಕ್ರೋ ಮಾಡಿದ ಏಕಾರ್ನ್ ಕಂಪನಿಯ ಕ್ರಿಸ್ ಕರಿ ಒಂದು ಜಾಹೀರಾತಿನ ವಿಷಯಕ್ಕೆ ಕೈಕೈ ಮಿಲಾಯಿಸಿದ್ದರು. ಕರಿ ಹಿಂದೆ ಸಿಂಕ್ಲೇರ್ ಜೊತೆಗೇ ಕೆಲಸ ಮಾಡಿದ್ದವರು.

ಇಬ್ಬರ ವಾದವೂ ಯಾವಾಗಲೂ ಗೇಮ್‌ಗಳ ಸುತ್ತಲೇ ತಿರುಗುತ್ತಿತ್ತು. ಯಾವುದರ ಬಣ್ಣ ಚೆನ್ನ, ಯಾವುದರ ಸಂಗೀತ ಚೆನ್ನ. ಇಬ್ಬರೂ ಯೋಚಿಸಿರದ ಕೆಲಸವೊಂದನ್ನು ಎರಡೂ ಯಂತ್ರಗಳಿಗೆ ಕೊಟ್ಟು ನೋಡಬೇಕು ಅಂತ ನನಗೆ ಆಸೆಯಾಯಿತು. ಮೈಸೂರಿನಲ್ಲಿ ಅಮ್ಮ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾರೆ. ಹಾಗಾಗಿ ಕೆಲಸ ಸುಲಭವಾಗಿ ಹೊಳೆಯಿತು: ಮಾಯಾಮಾಳವಗೌಳ ರಾಗದ ಸರಳೆ ವರಸೆ, ಅಂದರೆ ಕರ್ನಾಟಕ ಸಂಗೀತದ ಮೊದಲ ಪಾಠ, ನುಡಿಸಬೇಕು, ನುಡಿಯುವ ಸ್ವರದ ಕನ್ನಡ ಅಕ್ಷರ ಪರದೆಯ ಮೇಲೆ ಬರಬೇಕು. ಬರೀ ಬೇಸಿಕ್ ಭಾಷೆಯಲ್ಲೇ ಬರೆಯಬೇಕು.

ಅಟ್ಟದಲ್ಲಿದ್ದ ಯಂತ್ರಗಳನ್ನು ಇಬ್ಬರೂ ಸಂತೋಷದಿಂದ ಕೊಟ್ಟರು. ಸ್ಪೆಕ್ಟ್ರಮ್‌ನ ಕೀಲಿಗಳ ಕೆಳಗಿನ ಪ್ಲಾಸ್ಟಿಕ್ ಹಾಳೆ ಹಳತಾಗಿ ಒಣಗಿತ್ತು, ಹೊಸದು ಹಾಕಿದೆ. ಕಮೊಡೋರ್‌ಗೆ ಹಳೇ ಪವರ್ ಅಡಾಪ್ಟರ್ ಹಚ್ಚಲೇ ಇಲ್ಲ. ವಯಸ್ಸಾದ ಅಡಾಪ್ಟರ್‌ಗಳು 5 ವೋಲ್ಟ್ ಮೀರಿ ಕೊಟ್ಟು ಮೆಮೊರಿ ಚಿಪ್ ಸುಡುವುದುಂಟು. ಹೊಸ ಅಡಾಪ್ಟರ್ ತರಿಸಿದ ಮೇಲೇ ಸ್ವಿಚ್ ಹಾಕಿದ್ದು. ಹಳೇ ಯಂತ್ರ ಎತ್ತಿಕೊಳ್ಳುವ ಯಾರಿಗಾದರೂ ನಾನು ಮೊದಲು ಹೇಳುವ ಮಾತು ಇದೇ.

ಅಕ್ಷರಗಳಿಂದ ಶುರು ಮಾಡಿದೆ. ಸ್ಪೆಕ್ಟ್ರಮ್‌ನಲ್ಲಿ ನಮ್ಮದೇ ಅಕ್ಷರ ಬರೆದುಕೊಳ್ಳುವುದಕ್ಕೆ 21 ಜಾಗಗಳಿವೆ. ಒಂದೊಂದೂ 8 ಚುಕ್ಕೆ ಅಗಲ, 8 ಚುಕ್ಕೆ ಎತ್ತರ. ಇಂಗ್ಲಿಷ್ ಅಕ್ಷರ ಅಷ್ಟರಲ್ಲಿ ಕೂರುತ್ತದೆ. ನಮ್ಮ ‘ಮ’, ‘ರಿ’, ‘ನಿ’ ಕೂರಬೇಕಲ್ಲ! ‘ಮ’ಗೆ ಅಗಲ ಬೇಕು, ‘ರಿ’ಗೆ ಮೇಲಿನ ಗುಡಿಸು ಬೇಕು. ಚೌಕಳಿ ಹಾಳೆಯಲ್ಲಿ ಬರೆದು ನೋಡಿದಾಗ ಒಂದು ಅಕ್ಷರಕ್ಕೆ ನಾಲ್ಕು ಚೌಕ, ಅಂದರೆ 16ಕ್ಕೆ 16 ಚುಕ್ಕೆ ಕೊಟ್ಟರೆ ಚೆಂದ ಕಂಡಿತು. ಏಳು ಸ್ವರಕ್ಕೆ 28 ಚೌಕ. ಇರುವುದು 21.

ದಾರಿ ಇತ್ತು. ಈ ಅಕ್ಷರಗಳು ಮೆಮೊರಿಯಲ್ಲಿ ಎಲ್ಲಿವೆ ಅನ್ನುವುದನ್ನು ಸ್ಪೆಕ್ಟ್ರಮ್ 23675 ಮತ್ತು 23676ನೇ ಜಾಗದಲ್ಲಿ ಬರೆದಿಟ್ಟುಕೊಳ್ಳುತ್ತದೆ. ‘ಸ ರಿ ಗ ಮ’ವನ್ನು 64000ದಿಂದ ಇಟ್ಟೆ, ‘ಪ ದ ನಿ’ಯನ್ನು 64256ರಿಂದ. 23675ರಲ್ಲಿ ಸೊನ್ನೆ. ಆಮೇಲೆ 23676ಕ್ಕೆ 250 ಅಂತ ಪೋಕ್ ಮಾಡಿದರೆ, ಅಂದರೆ ಆ ಜಾಗದಲ್ಲಿ ನೇರವಾಗಿ ಆ ಸಂಖ್ಯೆ ಬರೆದರೆ, ಮೊದಲ ಗುಂಪು, 251 ಮಾಡಿದರೆ ಎರಡನೆಯದು. ಸ್ಪೆಕ್ಟ್ರಮ್ ಪರದೆಯಲ್ಲಿ ಒಮ್ಮೆ ಬರೆದದ್ದು ಚುಕ್ಕೆಗಳಾಗಿ ಅಲ್ಲೇ ಉಳಿಯುವುದರಿಂದ, ಗುಂಪು ಬದಲಾದರೂ ಮೊದಲು ಬರೆದ ಅಕ್ಷರ ಕೆಡುವುದಿಲ್ಲ.

ಕಮೊಡೋರ್‌ನಲ್ಲಿ ಈ ತೊಂದರೆಯೇ ಬರಲಿಲ್ಲ. ಅದರಲ್ಲಿ ಸ್ಪ್ರೈಟ್ ಅನ್ನುವ ಓಡಾಡುವ ಚಿತ್ರಗಳಿವೆ. ಒಂದೊಂದೂ 24 ಚುಕ್ಕೆ ಅಗಲ, 21 ಎತ್ತರ. ಒಟ್ಟು ಎಂಟು. ಏಳು ಸ್ವರಕ್ಕೆ ಏಳು, ಒಂದು ಉಳಿಯಿತು. ಅದನ್ನು ಮೇಲಿನ ಷಡ್ಜಕ್ಕೆ ಇಟ್ಟುಕೊಂಡೆ. 24 ಚುಕ್ಕೆ ಅಗಲದಲ್ಲಿ ಕನ್ನಡ ಅಕ್ಷರ ನಿಜಕ್ಕೂ ದುಂಡಗೆ ಬರುತ್ತದೆ. ಆದರೆ ಸ್ಪ್ರೈಟ್ ತೋರಿಸು ಅನ್ನುವ ಒಂದು ಆಜ್ಞೆಯೂ ಅದರ ಬೇಸಿಕ್‌ನಲ್ಲಿಲ್ಲ. ಎಲ್ಲಾ ಪೋಕ್. ಜಾಗ, ಬಣ್ಣ, ಕಾಣಿಸುವುದು, ಮರೆಯಾಗುವುದು, ಎಲ್ಲಕ್ಕೂ ಚಿಪ್ಪಿನ ವಿಳಾಸ ನೆನಪಿಟ್ಟುಕೊಳ್ಳಬೇಕು. ಸ್ಪೆಕ್ಟ್ರಮ್ ಬೇಸಿಕ್‌ನಲ್ಲಿ ವೃತ್ತ, ಗೆರೆ, ಬಣ್ಣ, ಸದ್ದು ಎಲ್ಲಕ್ಕೂ ಹೆಸರಿಟ್ಟ ಆಜ್ಞೆಗಳಿವೆ. ಇನ್ನೊಂದು ವಿಷಯ ಇಬ್ಬರಿಗೂ ಹೊಸದಾಗಿತ್ತು. ಕಮೊಡೋರ್‌ನ 64ಕೆ ಮೆಮೊರಿ ದೊಡ್ಡದು, ಸ್ಪೆಕ್ಟ್ರಮ್‌ನ 48ಕೆ ಚಿಕ್ಕದು ಅಂತ ಬಾಲ್ಯದಿಂದ ವಾದ. ಬೇಸಿಕ್ ಬರೆಯುವವನಿಗೆ ಕಮೊಡೋರ್ ಕೊಡುವುದು 38911 ಬೈಟ್. ಸ್ಪೆಕ್ಟ್ರಮ್ ಕೊಡುವುದು 41 ಸಾವಿರಕ್ಕಿಂತ ಜಾಸ್ತಿ.

ಸ್ವರದ ಕೆಲಸ ನನಗೆ ತುಂಬಾ ಇಷ್ಟವಾಯಿತು. ಸ್ಪೆಕ್ಟ್ರಮ್‌ನ ಬೀಪ್ ಆಜ್ಞೆಗೆ ಎರಡು ಸಂಖ್ಯೆ ಸಾಕು: ಎಷ್ಟು ಹೊತ್ತು, ಎಷ್ಟನೇ ಸ್ವರಸ್ಥಾನ. ಸೊನ್ನೆಯನ್ನು ಷಡ್ಜ ಅಂತ ಇಟ್ಟುಕೊಂಡರೆ ಮಾಯಾಮಾಳವಗೌಳ ಅಂದರೆ 0, 1, 4, 5, 7, 8, 11, 12. ಒಂದೇ ಸಾಲಿನಲ್ಲಿ ರಾಗದ ಆರೋಹಣ ಮುಗಿಯಿತು. ಅವತ್ತೇ ಅಮ್ಮನಿಗೆ ಫೋನಿನಲ್ಲಿ ಕೇಳಿಸಿದೆ.

“ಗಾಂಧಾರ ಸ್ವಲ್ಪ ಏರಿದೆ ಕಣೋ. ಹಾರ್ಮೋನಿಯಂ ಥರ ಇದೆ,” ಅಂದರು. “ನಿಷಾದವೂ ಅಷ್ಟೇ.”

ಅಮ್ಮ ಹೇಳಿದ್ದು ಸರಿ. 4 ಅನ್ನುವುದು ಪಿಯಾನೋ, ಹಾರ್ಮೋನಿಯಂಗಳ ಸಮನಾಗಿ ಹಂಚಿದ ಗಾಂಧಾರ. ಷಡ್ಜದ ಕಂಪನಸಂಖ್ಯೆಯ ನಾಲ್ಕನೇ ಐದರಷ್ಟು (5/4) ಇರುವ ಶುದ್ಧವಾದ ಗಾಂಧಾರ ಅದಕ್ಕಿಂತ ಸ್ವಲ್ಪ ಕೆಳಗೆ, 3.86ರಲ್ಲಿ ನಿಲ್ಲುತ್ತದೆ. ಬೀಪ್ ಆಜ್ಞೆ ದಶಾಂಶವನ್ನೂ ಒಪ್ಪಿಕೊಳ್ಳುತ್ತದೆ! ರಿಷಭ 1.12, ಗಾಂಧಾರ 3.86, ಮಧ್ಯಮ 4.98, ಪಂಚಮ 7.02, ಧೈವತ 8.14, ನಿಷಾದ 10.88 ಅಂತ ತಿದ್ದಿದೆ. ಮತ್ತೆ ಕೇಳಿಸಿದಾಗ ಅಮ್ಮ ಜೊತೆಗೇ ಹಾಡಿದರು.

ಕಮೊಡೋರ್‌ನಲ್ಲಿ ಸದ್ದು ಮಾಡುವುದು ಬಾಬ್ ಯಾನೆಸ್ ವಿನ್ಯಾಸ ಮಾಡಿದ ಸಿಡ್ ಚಿಪ್. ಒಂದು ಸ್ವರ ಬರಬೇಕಾದರೆ ಗಟ್ಟಿತನ, ಅಲೆಯ ಆಕಾರ, ಏರಿಳಿತ, ಕಂಪನಸಂಖ್ಯೆ ಎಲ್ಲವನ್ನೂ ಬೇರೆ ಬೇರೆ ಪೋಕ್ ಮಾಡಬೇಕು. ಬೇಸರದ ಕೆಲಸ ಅಂತ ಅನ್ನಿಸುತ್ತದೆ, ಅಲ್ವಾ? ಆದರೆ ಈ ಚಿಪ್ಪಿಗೆ ಸ್ವರಸ್ಥಾನದ ಲೆಕ್ಕವೇ ಗೊತ್ತಿಲ್ಲ. ಕಂಪನದ ಸಂಖ್ಯೆ ಮಾತ್ರ ಗೊತ್ತು. ಇಲ್ಲಿನ ಯಂತ್ರಕ್ಕೆ ಷಡ್ಜ 4455 ಅಂತ ಇಟ್ಟರೆ, ಗಾಂಧಾರ ಅಂದರೆ ಅದನ್ನು ಐದರಿಂದ ಗುಣಿಸಿ ನಾಲ್ಕರಿಂದ ಭಾಗಿಸುವುದು. ಪಂಚಮಕ್ಕೆ ಮೂರರಿಂದ ಗುಣಿಸಿ ಎರಡರಿಂದ ಭಾಗಿಸುವುದು. ದಶಾಂಶ ಹುಡುಕುವ ಕೆಲಸವೇ ಇಲ್ಲ. ಕಷ್ಟದ್ದು ಅಂತ ಎಲ್ಲರೂ ಹೇಳುವ ಯಂತ್ರ ನಮ್ಮ ಸಂಗೀತದ ಲೆಕ್ಕವನ್ನು ಇದ್ದ ಹಾಗೇ ತೆಗೆದುಕೊಂಡಿತು.

ಮೇಲಾಗಿ ಸಿಡ್‌ಗೆ ಮೂರು ದನಿ. ಎರಡನ್ನು ಷಡ್ಜ, ಪಂಚಮ ಮಾಡಿ ನಿಲ್ಲಿಸದೆ ಬಿಟ್ಟೆ. ಮೂರನೆಯದು ಆ ಶ್ರುತಿಯ ಮೇಲೆ ವರಸೆ ನುಡಿಸಿತು. ಸ್ಪೆಕ್ಟ್ರಮ್‌ನ ಬೀಪ್‌ನಿಂದ ಇದು ಆಗುವುದಿಲ್ಲ. ಅಲ್ಲಿ ಪ್ರೊಸೆಸರೇ ಕೈಯಾರೆ ಸ್ಪೀಕರನ್ನು ಅಲ್ಲಾಡಿಸುತ್ತದೆ, ಸದ್ದು ಬರುವಷ್ಟು ಹೊತ್ತು ಬೇರೆ ಕೆಲಸ ನಿಲ್ಲುತ್ತದೆ. ಸ್ಪೆಕ್ಟ್ರಮ್ ಗೆಳೆಯರು ಇದಕ್ಕೆ ಸುಮ್ನೆ ಕೂರಲಿಲ್ಲ. ಗೇಮ್‌ಗಳಿಗೆ ಸಂಗೀತ ಮಾಡುತ್ತಿದ್ದ ಟಿಮ್ ಫಾಲಿನ್ ಅದೇ ಸ್ಪೀಕರಿನಲ್ಲಿ ಒಟ್ಟಿಗೆ ಹಲವು ದನಿ ಹೊರಡಿಸಿದ್ದನ್ನು ನೆನಪಿಸಿದರು. ನಿಜ, ಆದರೆ ಅದು ಮಷೀನ್ ಕೋಡ್, ಪ್ರೊಸೆಸರಿಗೆ ಅದರ ಭಾಷೆಯಲ್ಲೇ ನೇರವಾಗಿ ಬರೆದದ್ದು. ನಮ್ಮ ನಿಯಮ ಬೇಸಿಕ್.

ಇನ್ನು ಬಣ್ಣ. ಸ್ಪೆಕ್ಟ್ರಮ್‌ನಲ್ಲಿ 8ಕ್ಕೆ 8ರ ಒಂದು ಚೌಕಕ್ಕೆ ಎರಡೇ ಬಣ್ಣ. ಗೇಮ್‌ನಲ್ಲಿ ಬೊಂಬೆ ಚೌಕದಿಂದ ಚೌಕಕ್ಕೆ ಹೋಗುವಾಗ ಬಣ್ಣ ಬಡಿದಾಡುತ್ತದೆ, ಕಮೊಡೋರ್‌ನವರು ಅದನ್ನು ಹಿಡಿದು ಆಡಿಕೊಳ್ಳುತ್ತಾರೆ. ಮೆಮೊರಿ ಉಳಿಸಬೇಕು ಅಂತ ಹಾಗೆ ಮಾಡಿದ್ದು. ಚುಕ್ಕೆಗಳಿಗೆ 6144 ಬೈಟ್, ಬಣ್ಣಕ್ಕೆ ಬರೀ 768. ನನ್ನ ಕೆಲಸಕ್ಕೆ ಇದೇ ಅನುಕೂಲವಾಯಿತು. ಏಳು ಸ್ವರಗಳನ್ನೂ ಮೊದಲೇ ಬಿಳಿ ಬಣ್ಣದಲ್ಲಿ ಬರೆದಿಟ್ಟೆ. ಸ್ವರ ನುಡಿಯುವ ಮುಂಚೆ ಅದರ ನಾಲ್ಕು ಚೌಕಕ್ಕೆ ನಾಲ್ಕು ಪೋಕ್ ಮಾಡಿದರೆ ಆ ಅಕ್ಷರ ಹಳದಿಯಾಗುತ್ತದೆ. ಚುಕ್ಕೆಗಳನ್ನು ಮುಟ್ಟುವುದೇ ಬೇಡ. ಚೌಕದ ಅಳತೆಗೇ ಬರೆದ ಅಕ್ಷರವಾದ್ದರಿಂದ ಬಡಿದಾಟದ ಮಾತೇ ಇಲ್ಲ.

ಮೂರನೇ ಕಾಲದಲ್ಲಿ, ಅಂದರೆ ನಾಲ್ಕು ಪಟ್ಟು ವೇಗದಲ್ಲಿ ನುಡಿಸುವಾಗ ಮಾತ್ರ, ಸ್ಪೆಕ್ಟ್ರಮ್ ಹಿಂದೆ ಬಿತ್ತು. ಎರಡು ಬೀಪ್‌ಗಳ ನಡುವೆ ಪೋಕ್‌ಗಳು ತಿನ್ನುವ ಹೊತ್ತು ಕಿವಿಗೆ ಸಿಗುತ್ತದೆ. ಅಷ್ಟನ್ನು ಸ್ವರದ ಅವಧಿಯಿಂದ ಕಳೆದರೆ ತಾಳ ಸರಿಹೋಗುತ್ತದೆ, ಸ್ವರಗಳು ಮಾತ್ರ ಸ್ವಲ್ಪ ಬಿಡಿಬಿಡಿಯಾಗಿ ಕೇಳುತ್ತವೆ. ಅದಕ್ಕೇ ಸ್ಪೆಕ್ಟ್ರಮ್ ಗೆಳೆಯರು ನಿಯಮ ಸಡಿಲಿಸಿ, ಆ ಒಂದು ಭಾಗಕ್ಕೆ ಮಷೀನ್ ಕೋಡ್ ಬಿಡಿ ಅಂತ ಕೇಳಿದರು. ಒಪ್ಪಿದ್ದೇನೆ. ಕಮೊಡೋರ್ ಗೆಳೆಯರು ತಂಬೂರಿಯ ನಾದಕ್ಕೆ ಹತ್ತಿರವಾಗುವ ಅಲೆ ಯಾವುದು ಅಂತ ಒಂದೊಂದೇ ಹಚ್ಚಿ ನೋಡುತ್ತಿದ್ದಾರೆ. ಇಬ್ಬರಿಗೂ ಅಮ್ಮನ ಹತ್ತಿರ ಮುಂದಿನ ಪಾಠವಾದ ಜಂಟಿ ವರಸೆ ಹಾಡಿಸಿ, ಧ್ವನಿಮುದ್ರಿಸಿ ಕಳಿಸಿದ್ದೇನೆ.