ಸ್ಟಾರ್ ಟ್ರೆಕ್ ಕಾದಂಬರಿಗಳನ್ನು ನಾನು ಓದಿದ ಬಗೆ

ನಮ್ಮೂರು ಹೊನ್ನಾವರದ ಕಡೆ. ಹೈಸ್ಕೂಲಿಗೆ ಹುಬ್ಬಳ್ಳಿಯ ಚಿಕ್ಕಪ್ಪನ ಮನೆಯಲ್ಲಿದ್ದೆ. 1980ರ ದಶಕ ಅದು. ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಸ್ಟಾರ್ ಟ್ರೆಕ್ ಎಂಬ ಅಮೆರಿಕದ ಇಂಗ್ಲಿಷ್ ಸರಣಿ ಬರುತ್ತಿತ್ತು, ಬಾಹ್ಯಾಕಾಶದ ಹಡಗಿನಲ್ಲಿ ಗ್ರಹದಿಂದ ಗ್ರಹಕ್ಕೆ ಹೋಗುವವರ ಕಥೆ. ನಾನು ಕನ್ನಡ ಮಾಧ್ಯಮದವನು, ಅವರ ಮಾತು ಒಂದೂ ತಿಳಿಯುತ್ತಿರಲಿಲ್ಲ. ಆದರೂ ಬಿಡದೆ ನೋಡುತ್ತಿದ್ದೆ. ಒಂದು ಕಂತು ಮಾತ್ರ ಮನಸ್ಸಿನಿಂದ ಹೋಗಲೇ ಇಲ್ಲ. ಗಣಿಯ ಸುರಂಗ. ಗೋಣಿಚೀಲ ತೆವಳಿದ ಹಾಗೆ ಒಂದು ಕಲ್ಲಿನ ಪ್ರಾಣಿ ಬರುತ್ತದೆ, ಕೆಲಸಗಾರರನ್ನು ಕೊಲ್ಲುತ್ತದೆ. ಕೊನೆಗೆ ಉದ್ದ ಕಿವಿಯ ಸ್ಪಾಕ್ ಅದರ ಮೈಮೇಲೆ ಕೈಯಿಟ್ಟು ನೋವಿನಿಂದ ಕೂಗುತ್ತಾನೆ. ಅವನು ಯಾಕೆ ಕೂಗಿದ ಅಂತ ನನಗೆ ಗೊತ್ತಾಗಲಿಲ್ಲ. ಚಿಕ್ಕಪ್ಪನಿಗೂ ಗೊತ್ತಾಗಲಿಲ್ಲ.

ಉತ್ತರ ಸಿಕ್ಕಿದ್ದು ಎಷ್ಟೋ ವರ್ಷ ಕಳೆದ ಮೇಲೆ. ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದಿದ್ದೆ. ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಹಳೇ ಪುಸ್ತಕದ ರಾಶಿಯೊಳಗೆ ಒಂದು ಸಣ್ಣ ಪುಸ್ತಕ ಕಂಡಿತು. ಹೆಸರು ‘ಸ್ಟಾರ್ ಟ್ರೆಕ್ 4’, ಬರೆದವರು ಜೇಮ್ಸ್ ಬ್ಲಿಶ್. ಹದಿನೈದು ರೂಪಾಯಿ ಕೊಟ್ಟೆ. ಒಳಗೆ ಅದೇ ಗಣಿಯ ಕಥೆ ಇತ್ತು! ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಮೂರು ರಾತ್ರಿ ಕೂತು ಓದಿದೆ. ಗಣಿಯವರು ಬೇಡದ ಕಲ್ಲುಗುಂಡು ಅಂತ ಒಡೆದು ಎಸೆಯುತ್ತಿದ್ದವು ಆ ಪ್ರಾಣಿಯ ಮೊಟ್ಟೆಗಳು. ಸಾವಿರಾರು ಮೊಟ್ಟೆಗಳು. ಅದು ತಾಯಿ. ಸ್ಪಾಕ್ ಮುಟ್ಟಿ ಕೂಗಿದ್ದು ಅದರ ನೋವನ್ನು. ನಾನು ಟಿವಿಯಲ್ಲಿ ಕಂಡಿದ್ದು ರಾಕ್ಷಸನನ್ನಲ್ಲ, ಮರಿಗಳನ್ನು ಕಾಯುತ್ತಿದ್ದ ತಾಯಿಯನ್ನು. ಆ ರಾತ್ರಿ ನಿದ್ದೆ ಬರಲಿಲ್ಲ.

ಅಲ್ಲಿಂದ ಶುರುವಾಯಿತು ನನ್ನ ಓದು. ಟಿವಿ ಸರಣಿ ಆಧರಿಸಿದ ಕಾದಂಬರಿ ಅಂದರೆ ತುಂಬಾ ಜನ ಮೂಗು ಮುರಿಯುತ್ತಾರೆ. ಸುಮ್ನೆ ದುಡ್ಡಿಗಾಗಿ ಬರೆದದ್ದು ಅನ್ನುತ್ತಾರೆ. ನನಗೆ ಹಾಗೆ ಅನ್ನಿಸಲಿಲ್ಲ, ಕಾರಣ ನಾನು ತಾಳಮದ್ದಳೆ ಕೇಳಿ ಬೆಳೆದವನು. ಪ್ರಸಂಗದ ಪದ್ಯ ಎಲ್ಲರಿಗೂ ಒಂದೇ. ಭಾಗವತರು ಹಾಡಿ ನಿಲ್ಲಿಸಿದ ಮೇಲೆ ಅರ್ಥಧಾರಿ ಏನು ಮಾತಾಡುತ್ತಾನೆ ಅನ್ನುವುದೇ ಅಲ್ಲಿಯ ರುಚಿ. ಕರ್ಣ ಸಾಯುತ್ತಾನೆ ಅಂತ ಎಲ್ಲರಿಗೂ ಗೊತ್ತು, ಆದರೂ ಬೆಳಗಿನವರೆಗೆ ಕೂತಿರುತ್ತೇವೆ, ಅಲ್ವಾ? ಇಲ್ಲಿ ಕಂತು ಪ್ರಸಂಗ, ಕಾದಂಬರಿಕಾರ ಅರ್ಥಧಾರಿ.

ನಾನು ಮಾಡಿದ್ದು ಹೀಗೆ. ಇನ್ನೂರು ಪುಟದ ಒಂದು ನೋಟ್‌ಬುಕ್ ತಂದು ಪ್ರತಿ ಪುಟಕ್ಕೂ ನಡುವೆ ಗೆರೆ ಎಳೆದೆ. ಎಡಗಡೆ ‘ಟಿವಿ’, ಬಲಗಡೆ ‘ಪುಸ್ತಕ’. ಮುಂದೆ ಡಿವಿಡಿ ಸಿಗಲು ಶುರುವಾದ ಮೇಲೆ ಮೊದಲು ಕಂತು ನೋಡುವುದು, ಮರುದಿನ ಅದೇ ಕಥೆಯನ್ನು ಬ್ಲಿಶ್ ಪುಸ್ತಕದಲ್ಲಿ ಓದುವುದು, ವ್ಯತ್ಯಾಸ ಬರೆಯುವುದು. ಬ್ಲಿಶ್ ಪುಸ್ತಕಗಳು ಒಟ್ಟು 12, ಬ್ಯಾಂಟಮ್ ಪ್ರಕಾಶನದವು, 1967ರಿಂದ 1977ರವರೆಗೆ ಬಂದವು. 1975ರಲ್ಲಿ ಅವರು ತೀರಿಕೊಂಡ ಮೇಲೆ ಕೊನೆಯದನ್ನು ಮುಗಿಸಿದ್ದು ಹೆಂಡತಿ ಜೆ. ಎ. ಲಾರೆನ್ಸ್. ಬ್ಲಿಶ್ ಬರೆದದ್ದು ಕಂತು ನೋಡಿಕೊಂಡಲ್ಲ, ಚಿತ್ರಕಥೆ ಓದಿ. ಆದ್ದರಿಂದ ಚಿತ್ರೀಕರಣದ ಹೊತ್ತಿಗೆ ಬದಲಾಗಿ ಹೋದ ಸಂಗತಿಗಳು ಪುಸ್ತಕದಲ್ಲಿ ಹಾಗೇ ಉಳಿದಿವೆ. ಮೊದಲ ಪುಸ್ತಕದಲ್ಲಿ ಕೆಲವು ಕಥೆಗಳ ಹೆಸರೇ ಬೇರೆ. ಟಿವಿಯ ‘ಚಾರ್ಲಿ ಎಕ್ಸ್’ ಅಲ್ಲಿ ‘ಚಾರ್ಲೀಸ್ ಲಾ’. ‘ದಿ ಮ್ಯಾನ್ ಟ್ರ್ಯಾಪ್’ ಅಲ್ಲಿ ‘ದಿ ಅನ್‌ರಿಯಲ್ ಮೆಕಾಯ್’.

ನನ್ನ ನೋಟ್‌ಬುಕ್ಕಿನಲ್ಲಿ ಜಾಸ್ತಿ ಜಾಗ ತಿಂದದ್ದು ‘ಮಿರಿ’ ಎಂಬ ಕಂತು. ಟಿವಿಯಲ್ಲಿ ಹಡಗು ಒಂದು ಗ್ರಹದ ಹತ್ತಿರ ಬರುತ್ತದೆ. ಅದು ನಮ್ಮ ಭೂಮಿಯ ತದ್ರೂಪ. ಎಲ್ಲರೂ ಬೆರಗಾಗುತ್ತಾರೆ. ಆಮೇಲೆ ಇಡೀ ಕಂತಿನಲ್ಲಿ ಅದರ ಮಾತೇ ಇಲ್ಲ, ಯಾಕೆ ಹಾಗಿದೆ ಅಂತ ಯಾರೂ ಹೇಳುವುದಿಲ್ಲ. ಬ್ಲಿಶ್ ಆ ತದ್ರೂಪವನ್ನೇ ತೆಗೆದುಹಾಕಿದರು. ಅವರ ಪುಸ್ತಕದಲ್ಲಿ ಅದು 70 ಒಫಿಯೂಕಿ ಎಂಬ ನಕ್ಷತ್ರದ ಸುತ್ತಲಿನ ಗ್ರಹ, ಮನುಷ್ಯರು ಹೋಗಿ ನೆಲೆಸಿದ ಜಾಗ. ಆ ನಕ್ಷತ್ರ ನಿಜವಾಗಿಯೂ ಇದೆ. ಆ ಗ್ರಹದಲ್ಲಿ ಸಿಗುವ ಮಕ್ಕಳು ಮನುಷ್ಯರ ಹಾಗೇ ಯಾಕಿದ್ದಾರೆ ಅನ್ನುವ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಒಬ್ಬ ಒಳ್ಳೆಯ ಬರಹಗಾರ ಕಥೆಯ ಹರಿದ ಜಾಗ ಹುಡುಕಿ ಹೇಗೆ ಹೊಲಿಯುತ್ತಾನೆ ಅಂತ ನಾನು ಕಲಿತದ್ದು ಇಲ್ಲಿ.

ಅಲನ್ ಡೀನ್ ಫಾಸ್ಟರ್ ಬರೆದ ‘ಲಾಗ್’ ಪುಸ್ತಕಗಳನ್ನು ಆಮೇಲೆ ಹಿಡಿದೆ. ಸ್ಟಾರ್ ಟ್ರೆಕ್ ಕಾರ್ಟೂನಿನ 22 ಕಂತುಗಳನ್ನು ಅವರು 10 ಪುಸ್ತಕ ಮಾಡಿದರು. ಮೊದಲ ಆರು ಪುಸ್ತಕಗಳಲ್ಲಿ ತಲಾ ಮೂರು ಕಂತು, ಕೊನೆಯ ನಾಲ್ಕರಲ್ಲಿ ತಲಾ ಒಂದೇ ಕಂತು. ಅರ್ಧ ಗಂಟೆಯ ಕಾರ್ಟೂನು ಒಂದು ಪೂರ್ತಿ ಕಾದಂಬರಿ ಆಗಬೇಕು! ಪದ್ಯ ಒಂದೇ, ಅರ್ಥ ಇಡೀ ರಾತ್ರಿ ಅನ್ನುವ ಹಾಗೆ. ಎರಡು ಬಗೆಯನ್ನೂ ಬೆನ್ನುಬೆನ್ನಿಗೆ ಓದಿದರೆ ಜಾಗ ಸಿಕ್ಕಾಗ ಬರಹಗಾರ ಏನು ಮಾಡುತ್ತಾನೆ ಅಂತ ಕಣ್ಣಿಗೆ ಕಟ್ಟುತ್ತದೆ.

ಇಷ್ಟು ಓದುವ ಹೊತ್ತಿಗೆ ಡಿಕ್ಷನರಿ ಮುಟ್ಟುವುದು ಕಡಿಮೆಯಾಗಿತ್ತು. ಕಥೆ ಮೊದಲೇ ಗೊತ್ತಿದ್ದರೆ ಭಾಷೆ ಹೆದರಿಸುವುದಿಲ್ಲ. ನನ್ನ ಇಂಗ್ಲಿಷ್ ಬಂದದ್ದು ಹೀಗೆಯೇ. ಆಗ ಟಿವಿಯಲ್ಲಿ ಬಾರದ, ಹೊಸದಾಗಿ ಹೆಣೆದ ಕಥೆಗಳಿಗೆ ಕೈ ಹಾಕಿದೆ. ಪಾಕೆಟ್ ಬುಕ್ಸ್ ಪ್ರಕಾಶನದ ಹಳೆಯ ಪುಸ್ತಕಗಳ ಮೇಲೆ ನಂಬರ್ ಇರುತ್ತದೆ. ಶುರುವಿಗೆ ನಂಬರ್ ಪ್ರಕಾರವೇ ಓದಬೇಕು ಅಂದುಕೊಂಡು ತಿಂಗಳುಗಟ್ಟಲೆ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಗಳಲ್ಲಿ ಅಲೆದೆ. ಅದು ಬೇಕಿರಲಿಲ್ಲ. ಹಳೆಯವು ಬಹುಪಾಲು ಒಂದೊಂದೂ ಪೂರ್ತಿ ಕಥೆ, ಯಾವುದು ಸಿಕ್ಕಿದರೂ ಓದಬಹುದು.

ವೊಂಡಾ ಮೆಕಿಂಟೈರ್ 1981ರಲ್ಲಿ ಬರೆದ ‘ದಿ ಎಂಟ್ರಪಿ ಎಫೆಕ್ಟ್’ ನೋಡಿ. ಹಡಗು ನಡೆಸುವ ಸುಲುಗೆ ಟಿವಿಯಲ್ಲಿ ಮೊದಲ ಹೆಸರೇ ಇರಲಿಲ್ಲ. ಹಿಕಾರು ಅಂತ ಹೆಸರಿಟ್ಟದ್ದು ಈ ಕಾದಂಬರಿ. ಹತ್ತು ವರ್ಷದ ಮೇಲೆ, 1991ರ ಸಿನಿಮಾದಲ್ಲಿ ಆ ಹೆಸರು ಬಂತು. ಪುಸ್ತಕದಲ್ಲಿ ಹುಟ್ಟಿದ ಹೆಸರು ತೆರೆಗೆ ಹೋಯಿತು. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ.

ಆದರೆ ನನ್ನ ಮನಸ್ಸಿಗೆ ಅತಿ ಹತ್ತಿರವಾದದ್ದು ಜಾನ್ ಎಂ. ಫೋರ್ಡ್ ಅವರ ‘ದಿ ಫೈನಲ್ ರಿಫ್ಲೆಕ್ಷನ್’, 1984ರದ್ದು. ಹಳೆಯ ಸರಣಿಯಲ್ಲಿ ಕ್ಲಿಂಗನ್ನರು ಎಂಬ ಅನ್ಯಗ್ರಹದ ಜನ ಅಂದರೆ ಬರೀ ಶತ್ರುಗಳು. ಫೋರ್ಡ್ ಆ ಕ್ಲಿಂಗನ್ನರ ಮನೆಯೊಳಗೆ ಹೋಗುತ್ತಾರೆ. ಕಥೆ ಒಬ್ಬ ತಬ್ಬಲಿ ಕ್ಲಿಂಗನ್ ಹುಡುಗನದು. ಶುರುವಿನಲ್ಲೇ ಒಂದು ಚದುರಂಗದಂಥ ಆಟ. ಅದರ ಕಾಯಿಗಳು ಜೀವ ಇರುವವು, ಆ ಹುಡುಗನೇ ಒಂದು ಕಾಯಿ. ಹಡಗಿನ ಕ್ಯಾಪ್ಟನ್ ಕರ್ಕ್, ಸ್ಪಾಕ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಟಿವಿ ಮುಂದೆ ಕ್ಲಿಂಗನ್ನರನ್ನು ಬೇರೆ ದಾರಿಯಲ್ಲಿ ಬೆಳೆಸಿತು. ನನಗೆ ಫೋರ್ಡರ ದಾರಿಯೇ ಇಷ್ಟ. ಗಣಿಯ ತಾಯಿ ಪ್ರಾಣಿಯನ್ನು ನಾನು ತಪ್ಪು ತಿಳಿದಿದ್ದೆನಲ್ಲ, ಅಂಥದ್ದೇ ಒಂದು ತಪ್ಪನ್ನು ಈ ಪುಸ್ತಕ ಇನ್ನೂರೈವತ್ತು ಪುಟದಲ್ಲಿ ತಿದ್ದುತ್ತದೆ.

ಇನ್ನೊಂದು ಪುಸ್ತಕ ಹೇಳಲೇಬೇಕು. ‘ಡೀಪ್ ಸ್ಪೇಸ್ ನೈನ್’ ಎಂಬ ಇನ್ನೊಂದು ಸ್ಟಾರ್ ಟ್ರೆಕ್ ಸರಣಿಯಲ್ಲಿ ಗಾರಾಕ್ ಎಂಬ ದರ್ಜಿ ಇದ್ದಾನೆ. ಹಿಂದೆ ಗೂಢಚಾರ, ನಿಜ ಹೇಳುವುದೇ ಅಪರೂಪ. ಆ ಪಾತ್ರ ಮಾಡಿದ ನಟ ಆಂಡ್ರ್ಯೂ ರಾಬಿನ್ಸನ್ ಪಾತ್ರವನ್ನು ಅರ್ಥ ಮಾಡಿಕೊಳ್ಳಲು ಗಾರಾಕ್‌ನ ಹೆಸರಿನಲ್ಲಿ ಡೈರಿ ಬರೆಯುತ್ತಿದ್ದರು. ಅದೇ ಬೆಳೆದು 2000ದಲ್ಲಿ ‘ಎ ಸ್ಟಿಚ್ ಇನ್ ಟೈಮ್’ ಆಯಿತು. ಯುದ್ಧದಲ್ಲಿ ಹಾಳಾದ ತನ್ನ ಊರಿನಲ್ಲಿ ಕೂತು ಗಾರಾಕ್ ತನ್ನ ಗೆಳೆಯ ಡಾಕ್ಟರ್ ಬಶೀರ್‌ಗೆ ಬರೆದ ಉದ್ದದ ಕಾಗದ ಅದು. ವೇಷ ಕಟ್ಟಿದವನೇ ಅರ್ಥವನ್ನೂ ಬರೆದಿದ್ದಾನೆ. ನಾನು ಎರಡು ಸಲ ಓದಿದ್ದೇನೆ, ಎರಡು ಸಲವೂ ಕಣ್ಣು ತುಂಬಿತು.

2001ರ ಮೇಲಿನ ಪುಸ್ತಕಗಳಲ್ಲಿ ಮಾತ್ರ ಸಾಲು ತಪ್ಪಿಸಬೇಡಿ. 1999ರಲ್ಲಿ ಮುಗಿದ ‘ಡೀಪ್ ಸ್ಪೇಸ್ ನೈನ್’ ಕಥೆಯನ್ನು ಎಸ್. ಡಿ. ಪೆರಿ ‘ಅವತಾರ್’ ಎಂಬ ಜೋಡಿ ಕಾದಂಬರಿಯಿಂದ ಮುಂದುವರಿಸಿದರು. ಅಲ್ಲಿಂದ ಒಂದರ ಬಾಲ ಇನ್ನೊಂದಕ್ಕೆ ಅಂಟಿಕೊಂಡಿದೆ. ಡೇವಿಡ್ ಮ್ಯಾಕ್ 2008ರಲ್ಲಿ ಬರೆದ ‘ಡೆಸ್ಟಿನಿ’ಯ ಮೂರು ಭಾಗ ತರಿಸಿದಾಗ ಒಂದು ಆನ್‌ಲೈನ್ ಅಂಗಡಿ ಒಂದನೆಯದನ್ನೂ ಮೂರನೆಯದನ್ನೂ ಕಳಿಸಿತು, ನಡುವಿನದರ ಬದಲು ಯಾವುದೋ ಅಡುಗೆ ಪುಸ್ತಕ. ಐದು ತಿಂಗಳು ಕಾದೆ, ಮೂರನೆಯದನ್ನು ತೆರೆಯಲಿಲ್ಲ. ಕಾದದ್ದು ಒಳ್ಳೆಯದೇ ಆಯಿತು.

ಇಪ್ಪತ್ತು ವರ್ಷ ಹೆಣೆದ ಈ ಕಥೆ 2021ರಲ್ಲಿ ‘ಕೋಡಾ’ ಎಂಬ ಮೂರು ಕಾದಂಬರಿಗಳಲ್ಲಿ ಮುಗಿಯಿತು. 2020ರಲ್ಲಿ ‘ಪಿಕಾರ್ಡ್’ ಎಂಬ ಹೊಸ ಸ್ಟಾರ್ ಟ್ರೆಕ್ ಸರಣಿ ಬಂದಿತ್ತು, ಅದರ ಕಥೆಗೂ ಪುಸ್ತಕಗಳ ಕಥೆಗೂ ಹೊಂದಿಕೆ ಆಗುತ್ತಿರಲಿಲ್ಲ. ಪುಸ್ತಕದವರು ಸುಮ್ಮನೆ ನಿಲ್ಲಿಸಿಬಿಡಬಹುದಿತ್ತು. ಅದರ ಬದಲು ತಮ್ಮ ಲೋಕಕ್ಕೆ ತಾವೇ ಒಂದು ಮುಕ್ತಾಯ ಬರೆದರು. ಓದುಗರಿಗೆ ಅದು ಸಲ್ಲಬೇಕಾದ ಮರ್ಯಾದೆ ಅಂತ ನನಗೆ ಅನ್ನಿಸಿತು. ದಯವಿಟ್ಟು ಇದರಿಂದ ಶುರು ಮಾಡಬೇಡಿ.

ಹಳೆಯ ಪುಸ್ತಕ ಕೊಂಡರೆ ಬೆನ್ನು ನೋಡಿಕೊಳ್ಳಿ. ಅಂಟು ಒಣಗಿರುತ್ತದೆ, ಪೂರ್ತಿ ಅಗಲಿಸಿದರೆ ಹಾಳೆ ಕೈಗೆ ಬರುತ್ತದೆ. ನಾನು ಅಂಗೈ ಅಗಲ ಮಾತ್ರ ತೆರೆದು ಓದುತ್ತೇನೆ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಬೂಸ್ಟು ಹಿಡಿಯುತ್ತದೆ.

ಹೋದ ಮೇ ತಿಂಗಳು ಊರಿಗೆ ಹೋದಾಗ ‘ಸ್ಟಾರ್ ಟ್ರೆಕ್ 4’ ಜೊತೆಗಿತ್ತು. ಕರೆಂಟು ಹೋಗಿತ್ತು. ತಂಗಿಯ ಮಗಳಿಗೆ ಗಣಿಯ ಕಥೆಯನ್ನು ಪುಟ ನೋಡಿಕೊಂಡು ಕನ್ನಡದಲ್ಲೇ ಹೇಳುತ್ತಾ ಹೋದೆ. ಕಲ್ಲುಗುಂಡು ಒಡೆಯುವ ಜಾಗಕ್ಕೆ ಬಂದಾಗ ನಾನಿನ್ನೂ ಹೇಳುವ ಮೊದಲೇ ಅವಳು ಎದ್ದು ಕೂತಳು. “ಮಾಮ, ಅದು ಮೊಟ್ಟೆ ಅಲ್ವಾ?”