ಶಾಂತಿಪಾಲನಾ ಪಡೆ ಕಳಿಸುದು ಹೇಗೆ? ಡೀಸೆಲ್ ಬಿಲ್ಲಿಂದ ಶುರು ಮಾಡಿ

ಮಣಿಪಾಲ, ಮಂಗಳೂರು ಕಡೆಯ ಕಾಲೇಜುಗಳಲ್ಲಿ ಮಾಡೆಲ್ ಯುಎನ್ (ವಿದ್ಯಾರ್ಥಿಗಳು ಒಂದೊಂದು ದೇಶದ ಪ್ರತಿನಿಧಿಯಾಗಿ ನಡೆಸುವ ಅಣಕು ವಿಶ್ವಸಂಸ್ಥೆ ಸಭೆ) ಸೀಸನ್ ಬಂತು ಅಂದ್ರೆ ಕೋಟು ಟೈ ಹಾಕಿದ ಮಕ್ಕಳು ಯಾವ ದೇಶದ ಗಲಾಟೆಗೂ ಬರೆಯುವ ಮದ್ದು ಒಂದೇ, "ಪ್ರಾದೇಶಿಕ ಶಾಂತಿಪಾಲನಾ ಪಡೆಯನ್ನು ತಕ್ಷಣ ನಿಯೋಜಿಸತಕ್ಕದ್ದು". ಚಪ್ಪಾಳೆ, ರೆಸಲ್ಯೂಶನ್ ಪಾಸ್, ಊಟಕ್ಕೆ ಬ್ರೇಕ್. ಆ ಒಂದು ಸಾಲು ನಿಜ ಆಗ್ಬೇಕಾದ್ರೆ ಎಂತೆಲ್ಲ ಮಂಡೆಬಿಸಿ ಉಂಟು ಅಂತ ಯಾರೂ ಹೇಳಿಕೊಡುದಿಲ್ಲ. ಜನ ಎಲ್ಲಿಂದ ತರುದು, ಅವರನ್ನು ಅಲ್ಲಿಗೆ ಮುಟ್ಟಿಸುದು ಹೇಗೆ, ದುಡ್ಡು ಕೊಡುದು ಯಾರು, ಈ ವಾರ ಅದನ್ನೇ ನೋಡುವ.

ನಮಗೆಂತಕ್ಕೆ ಮಾರಾಯ್ರೆ ಇದು ಅಂತ ಕೇಳ್ಬೇಡಿ. ಪಣಂಬೂರಲ್ಲಿ ನಿಂತು ಪಶ್ಚಿಮಕ್ಕೆ ನೇರ ಗೆರೆ ಎಳೆದ್ರೆ ಅದು ಸೊಕೊಟ್ರಾ ದ್ವೀಪದ ಹತ್ತಿರ ಹೋಗ್ತದೆ, ಅದರ ಆಚೆ ಸೊಮಾಲಿಯಾದ ಮೂಲೆ. ನಮ್ಮ ಕರಾವಳಿಯ ಎಷ್ಟೋ ಮನೆಯ ಹುಡುಗರು ಮರ್ಚೆಂಟ್ ನೇವಿಯಲ್ಲಿ ಆ ದಾರಿಯಲ್ಲೇ ಹೋಗಿ ಬರುದು, ಸೊಮಾಲಿ ಕಡಲ್ಗಳ್ಳರ ಕಾಟ ಜೋರಿದ್ದ ಕಾಲದಲ್ಲಿ ಇಲ್ಲಿಯವರಿಗೂ ನಿದ್ದೆ ಇರ್ಲಿಲ್ಲ. ಹಾಗಾಗಿ ಇಲ್ಲಿ ಬರುವ ಉದಾಹರಣೆ ಹೆಚ್ಚಿನದ್ದೂ ಸೊಮಾಲಿಯಾದ್ದೇ.

ಕಾಗದದ ಕೆಲಸ ಬೇಗ ಮುಗಿಸಿ

ವಿಶ್ವಸಂಸ್ಥೆಯ ಸನ್ನದಿನ 8ನೇ ಅಧ್ಯಾಯದಲ್ಲಿ ಪ್ರಾದೇಶಿಕ ಸಂಸ್ಥೆಗಳಿಗೆ ಜಾಗ ಉಂಟು. ಆಫ್ರಿಕನ್ ಯೂನಿಯನ್ ಇರಬಹುದು, ಪಶ್ಚಿಮ ಆಫ್ರಿಕಾ ದೇಶಗಳ ಕೂಟ ಎಕೋವಾಸ್ ಇರಬಹುದು, ತಮ್ಮ ಏರಿಯಾದ ಜಗಳ ತಾವೇ ಬಿಡಿಸಬಹುದು, ಆದ್ರೆ ಬಲಪ್ರಯೋಗ ಮಾಡುದಾದ್ರೆ 53ನೇ ವಿಧಿ ಪ್ರಕಾರ ಭದ್ರತಾ ಮಂಡಳಿಯ ಒಪ್ಪಿಗೆ ಬೇಕು. ಅಲ್ಲಿ 15ರಲ್ಲಿ 9 ವೋಟು ಬೀಳ್ಬೇಕು, 5 ಕಾಯಂ ಸದಸ್ಯರಲ್ಲಿ ಒಬ್ಬರೂ ವೀಟೋ ಹಾಕ್ಬಾರ್ದು. ಇದು ಪುಸ್ತಕದ ಮಾತು. ನಿಜದಲ್ಲಿ ಎಕೋವಾಸ್ 1990ರಲ್ಲಿ ಲೈಬೀರಿಯಾಕ್ಕೆ ಪಡೆ ಇಳಿಸಿದ್ದು ಮಂಡಳಿಯ ಒಪ್ಪಿಗೆ ಕೇಳದೆ, ಮಂಡಳಿ ನಿರ್ಣಯ ಮಾಡಿ ಬೆನ್ನು ತಟ್ಟಿದ್ದು 1992ರಲ್ಲಿ. ಸೊಮಾಲಿಯಾಕ್ಕೆ ಆಫ್ರಿಕನ್ ಯೂನಿಯನ್ 2007ರ ಜನವರಿಯಲ್ಲಿ ತೀರ್ಮಾನ ಮಾಡಿತು, ಭದ್ರತಾ ಮಂಡಳಿಯ 1744ನೇ ನಿರ್ಣಯ ಬಂದದ್ದು ಫೆಬ್ರವರಿಯಲ್ಲಿ.

ಕಾಗದದಲ್ಲಿ ಎರಡು ವಿಷಯ ಮಾತ್ರ ಗಟ್ಟಿ ನೋಡಿಕೊಳ್ಳಿ. ಒಂದು, ಹೋಗುವ ದೇಶದ ಸರ್ಕಾರದ ಜೊತೆ ಒಪ್ಪಂದ, ನಮ್ಮ ಸೈನಿಕ ತಪ್ಪು ಮಾಡಿದ್ರೆ ವಿಚಾರಣೆ ಯಾರ ಕೋರ್ಟಲ್ಲಿ, ಸಾಮಾನು ಬಂದ್ರೆ ಕಸ್ಟಮ್ಸ್ ಉಂಟಾ ಇಲ್ವಾ, ಗಾಡಿ ಎಲ್ಲಿಯವರೆಗೆ ಓಡಬಹುದು ಅಂತ ಎಲ್ಲ ಅದರಲ್ಲಿ ಬರ್ಬೇಕು. ಇನ್ನೊಂದು, ಕೆಲಸ ಎಂತದು ಅಂತ ಬಿಡಿಸಿ ಬರೆಯುದು. ಕದನವಿರಾಮ ಕಾಯುದೋ, ಜನರನ್ನು ರಕ್ಷಿಸುದೋ, ಅಲ್ಲ ಎದುರಿಗಿರುವವರ ಜೊತೆ ಯುದ್ಧವೇ ಮಾಡುದೋ. ಈ ಪಾಠ ನಮ್ಮ ದೇಶಕ್ಕೆ ಗೊತ್ತುಂಟು. 1987ರ ಜುಲೈ 29ರ ಒಪ್ಪಂದದ ಮೇಲೆ ಭಾರತದ ಶಾಂತಿ ಪಡೆ ಶ್ರೀಲಂಕಾಕ್ಕೆ ಹೋದದ್ದು ಉಗ್ರರ ಆಯುಧ ಕೆಳಗೆ ಇಡಿಸ್ಲಿಕ್ಕೆ, ಅಕ್ಟೋಬರ್ ಹೊತ್ತಿಗೆ ಎಲ್‌ಟಿಟಿಇ ಜೊತೆ ಪೂರಾ ಯುದ್ಧ. 1990ರ ಮಾರ್ಚಲ್ಲಿ ವಾಪಸ್ ಬರುವಾಗ ಸುಮಾರು 1,200 ಮಂದಿ ಸತ್ತಿದ್ದರು, ಖರ್ಚೂ ನಮ್ಮದೇ, ಅದು ವಿಶ್ವಸಂಸ್ಥೆಯ ಮಿಷನ್ ಆಗಿರ್ಲಿಲ್ಲ.

ಈಗ ದುಡ್ಡು, ಸೈನಿಕರಿಗಿಂತ ಮೊದಲು

ಹೆಚ್ಚಿನವರು ಮೊದಲು ಸೈನಿಕರ ಸಂಖ್ಯೆ ಬರೆದು ಕೊನೆಗೆ "ಸದಸ್ಯ ರಾಷ್ಟ್ರಗಳು ಉದಾರವಾಗಿ ನೆರವು ನೀಡಬೇಕು" ಅಂತ ಒಂದು ಸಾಲು ಅಂಟಿಸ್ತಾರೆ. ನಾನಾದ್ರೆ ಉಲ್ಟಾ ಮಾಡ್ತೇನೆ. ದುಡ್ಡು ಯಾವ ಚೀಲದಿಂದ ಬರ್ತದೆ ಅನ್ನುದರ ಮೇಲೆ ಎಷ್ಟು ಜನ, ಎಷ್ಟು ದಿವಸ, ಯಾರ ಮಾತು ಕೇಳುದು ಎಲ್ಲವೂ ನಿಂತಿದೆ.

ಚೀಲ ಎರಡು ನಮೂನೆ. ಒಂದು ಕಡ್ಡಾಯ ವಂತಿಗೆ. ವಿಶ್ವಸಂಸ್ಥೆಯ ಸ್ವಂತ ಮಿಷನ್ನಿಗೆ ಎಲ್ಲ ದೇಶಗಳೂ ನಿಗದಿ ಮಾಡಿದ ಪಾಲು ಕೊಡ್ಬೇಕು, ಅದರಲ್ಲಿ ಅಮೆರಿಕ ಮತ್ತು ಚೀನಾದ್ದೇ ಸೇರಿ ಅರ್ಧದಷ್ಟು ಆಗ್ತದೆ. ಕಡ್ಡಾಯ ಅಂದ್ರೂ ಬಾಕಿ ಇಡುವವರು ಉಂಟು, 2025ರ ಅಕ್ಟೋಬರಲ್ಲಿ ದುಡ್ಡು ಬಾರದೆ 9 ಮಿಷನ್ನುಗಳ ಶಾಂತಿಪಾಲಕರಲ್ಲಿ ಕಾಲು ಭಾಗದಷ್ಟು ಮಂದಿಯನ್ನು ಮನೆಗೆ ಕಳಿಸುದಾಗಿ ವಿಶ್ವಸಂಸ್ಥೆಯೇ ಹೇಳ್ಬೇಕಾಯ್ತು. ಆದ್ರೂ ಇದ್ದದ್ದರಲ್ಲಿ ಗಟ್ಟಿ ಚೀಲ ಇದೇ. ಪ್ರಾದೇಶಿಕ ಮಿಷನ್ನಿಗೆ ಸಾಧಾರಣಕ್ಕೆ ಇದು ಸಿಗುದಿಲ್ಲ.

ಎರಡನೆಯದ್ದು ಇಷ್ಟ ಇದ್ದವರು ಕೊಡುದು. ನಮ್ಮಲ್ಲಿ ದೇವಸ್ಥಾನದ ಬ್ರಹ್ಮಕಲಶಕ್ಕೆ ಹೊರೆಕಾಣಿಕೆ ಬರ್ತದಲ್ಲ, ಅಕ್ಕಿ, ತೆಂಗಿನಕಾಯಿ, ಬಾಳೆಗೊನೆ, ತರಕಾರಿ ಎಲ್ಲ ಟೆಂಪೋ ಟೆಂಪೋ ತುಂಬಿ ಮೆರವಣಿಗೆಯಲ್ಲಿ ಬರ್ತದೆ, ನೋಡ್ಲಿಕ್ಕೆ ಚಂದ, ಆದ್ರೆ ಶಾಮಿಯಾನದವನಿಗೆ ಕೊಡ್ಬೇಕಾದ ಬಿಲ್ಲನ್ನು ಸೌತೆಕಾಯಿಯಲ್ಲಿ ಕಟ್ಲಿಕ್ಕೆ ಆಗುದಿಲ್ಲ. ಸರಿಯಾಗಿ ಇದೇ ಆದದ್ದು ಹೈಟಿಯಲ್ಲಿ. 2023ರ ಅಕ್ಟೋಬರ್ 2ರಂದು ಭದ್ರತಾ ಮಂಡಳಿ ಕೀನ್ಯಾ ಮುಂದಾಳತ್ವದ ಮಿಷನ್ನಿಗೆ ಒಪ್ಪಿಗೆ ಕೊಟ್ಟಿತು, ಖರ್ಚಿಗೆ ಒಂದು ಸ್ವಯಂಪ್ರೇರಿತ ನಿಧಿ. ಅಮೆರಿಕ ಕ್ಯಾಂಪ್ ಕಟ್ಟಿ ಕೊಟ್ಟಿತು, ಬುಲೆಟ್ ತಾಗದ ಗಾಡಿ ಕೊಟ್ಟಿತು, ನಿಧಿ ಮಾತ್ರ ತುಂಬ್ಲೇ ಇಲ್ಲ. ಪ್ಲಾನ್ ಮಾಡಿದ್ದು 2,500 ಮಂದಿಗೆ, ಹೋದದ್ದು 1,000ದ ಆಸುಪಾಸು. ಕೊನೆಗೆ 2025ರ ಸೆಪ್ಟೆಂಬರ್ 30ರಂದು ಮಂಡಳಿ ಅದನ್ನು ಬದಲಿಸಿ 5,550 ಮಂದಿಯ ಬೇರೆಯೇ ಪಡೆ ಮಾಡ್ಲಿಕ್ಕೆ ಹೊರಟಿತು, ಈ ಸಲ ಸಾಮಾನು ಸಾಗಾಟದ ಖರ್ಚಿಗೆ ವಿಶ್ವಸಂಸ್ಥೆಯ ಒಂದು ಸಪೋರ್ಟ್ ಆಫೀಸ್ ಸಮೇತ.

ಸೊಮಾಲಿಯಾಕ್ಕೆ 2007ರಲ್ಲಿ ಹೋದ ಆಫ್ರಿಕನ್ ಯೂನಿಯನ್ ಮಿಷನ್, ಹೆಸರು ಆಮಿಸೋಮ್, ಈ ಎರಡನ್ನೂ ಬೆರಕೆ ಮಾಡಿತು. ಸೈನಿಕರ ಭತ್ಯೆ ಯುರೋಪಿಯನ್ ಯೂನಿಯನ್‌ದ್ದು, ತಲೆಗೆ ತಿಂಗಳಿಗೆ 1,028 ಡಾಲರ್. ಊಟ, ಡೀಸೆಲ್, ಗಾಯಾಳು ಸಾಗಿಸುದು, ಕ್ಯಾಂಪ್ ಕಟ್ಟುದು ಇದೆಲ್ಲ 2009ರಿಂದ ವಿಶ್ವಸಂಸ್ಥೆಯ ವಂತಿಗೆ ದುಡ್ಡಲ್ಲಿ, ಅದಕ್ಕೆಂದೇ ಒಂದು ಬೇರೆ ಆಫೀಸು. ಕೆಲವು ದೇಶಗಳು ನೇರವಾಗಿ ಉಗಾಂಡ, ಬುರುಂಡಿ ಸೈನ್ಯಕ್ಕೆ ಟ್ರೈನಿಂಗು, ಗಾಡಿ ಕೊಟ್ಟವು. ಪ್ರತಿ ಚೀಲಕ್ಕೂ ಅದರದ್ದೇ ನಿಯಮ, ಯುರೋಪಿನ ಆ ನಿಧಿಯಲ್ಲಿ ಗುಂಡು ಮದ್ದು ತಗೊಳ್ಲಿಕ್ಕೆ ಇರ್ಲಿಲ್ಲ, ಲೆಕ್ಕಪತ್ರವೂ ಬೇರೆ ಬೇರೆ. 2016ರಲ್ಲಿ ಯುರೋಪ್ ಭತ್ಯೆಯಲ್ಲಿ ಶೇಕಡಾ 20 ಕಡಿತ ಮಾಡಿತು. ಅದೇ ವರ್ಷ ಬುರುಂಡಿಯ ಒಳಗಿನ ರಾಜಕೀಯಕ್ಕೆ ಸಿಟ್ಟಾಗಿ, ಆ ಸರ್ಕಾರದ ಕೈಯಲ್ಲಿ ದುಡ್ಡು ಕೊಡುದಿಲ್ಲ ಅಂತ ಕೂತಿತು, ಅಲ್ಲಿ ಮೊಗದಿಶುವಿನಲ್ಲಿ ಬಂದೂಕು ಹಿಡಿದು ನಿಂತ ಹುಡುಗನಿಗೆ ತಿಂಗಳುಗಟ್ಟಲೆ ಪೈಸೆ ಇಲ್ಲ. ಬುರುಂಡಿ ನಾವು ವಾಪಸ್ ಹೋಗ್ತೇವೆ ಅಂತ ಹೆದರಿಸಿದ ಮೇಲೆ 2017ರ ಆರಂಭದಲ್ಲಿ ವಿಷಯ ಇತ್ಯರ್ಥ ಆಯ್ತು. ಅದಕ್ಕೇ ಹೇಳುದು, ಭತ್ಯೆಯ ದುಡ್ಡು ಒಬ್ಬನೇ ದಾನಿಯ ಕೈಯಲ್ಲಿ ಬಿಡ್ಬೇಡಿ.

ಹಾಗಾದ್ರೆ ರೆಸಲ್ಯೂಶನ್ನಿನಲ್ಲಿ ಎಂತ ಬರೆಯುದು? 2023ರ ಡಿಸೆಂಬರಲ್ಲಿ ಬಂದ 2719ನೇ ನಿರ್ಣಯ ನೆನಪಿಡಿ. ಆಫ್ರಿಕನ್ ಯೂನಿಯನ್ ನಡೆಸುವ ಮಿಷನ್ನಿಗೆ ಖರ್ಚಿನ ಶೇಕಡಾ 75ರವರೆಗೆ ವಂತಿಗೆ ದುಡ್ಡು ಕೊಡಬಹುದು ಅಂತ ಅದರಲ್ಲಿ ಉಂಟು, ಆದ್ರೆ ಒಂದೊಂದು ಮಿಷನ್ನಿಗೂ ಮಂಡಳಿ ಬೇರೆಯೇ ಒಪ್ಪಬೇಕು. 2025ರ ಜನವರಿಯಲ್ಲಿ ಸೊಮಾಲಿಯಾದಲ್ಲಿ ಹೊಸ ಮಿಷನ್ ಔಸೋಮ್ ಶುರುವಾಯ್ತು, ಈ ನಿಯಮ ಜಾರಿ ಆಗದೆಯೇ. ಆಫ್ರಿಕನ್ ಯೂನಿಯನ್ 2016ರಲ್ಲಿ ಆಮದಿನ ಮೇಲೆ ಶೇಕಡಾ 0.2 ಸೆಸ್ ಹಾಕಿ ಸ್ವಂತ ಆದಾಯ ಮಾಡುವ, ಅದರಿಂದ 400 ಮಿಲಿಯನ್ ಡಾಲರಿನ ಶಾಂತಿ ನಿಧಿ ಕಟ್ಟುವ ಅಂತ ತೀರ್ಮಾನಿಸಿತ್ತು, ಸೆಸ್ಸನ್ನು ಎಲ್ಲ ದೇಶಗಳೂ ಜಾರಿ ಮಾಡ್ಲಿಲ್ಲ. ಐಡಿಯಾ ಒಳ್ಳೆಯದ್ದೇ, ನನ್ನ ಲೆಕ್ಕದಲ್ಲಿ ಇದಕ್ಕಿಂತ ಬೇರೆ ದಾರಿಯೂ ಇಲ್ಲ.

ಜನ ಎಲ್ಲಿಂದ?

ವಿಶ್ವಸಂಸ್ಥೆಗಾಗಲಿ ಆಫ್ರಿಕನ್ ಯೂನಿಯನ್ನಿಗಾಗಲಿ ಸ್ವಂತ ಸೈನ್ಯ ಇಲ್ಲ, ಒಂದೊಂದು ದೇಶದ ಬಾಗಿಲು ತಟ್ಟಿ ಕೇಳ್ಬೇಕು. ಕಾಲಾಳು ಬೆಟಾಲಿಯನ್ ಅಂದ್ರೆ ಸುಮಾರು 850 ಮಂದಿ. ಆದ್ರೆ ನಿಜವಾಗಿ ಸಿಗದೆ ಇರುದು ಕಾಲಾಳುಗಳಲ್ಲ, ಹೆಲಿಕಾಪ್ಟರ್, ಇಂಜಿನಿಯರು, ಸರ್ಜನ್ ಇರುವ ಫೀಲ್ಡ್ ಆಸ್ಪತ್ರೆ, ಬಾಂಬ್ ತೆಗೆಯುವವರು. ಲಿಸ್ಟಲ್ಲಿ ಇವರನ್ನು ಮೇಲೆ ಬರೀರಿ.

ಕಾಗದದ ಸಂಖ್ಯೆಯನ್ನು ನಂಬ್ಲೇಬಾರ್ದು. ಸೊಮಾಲಿಯಾಕ್ಕೆ ಮಂಜೂರಾದದ್ದು 8,000 ಮಂದಿ, 2007ರ ಮಾರ್ಚಲ್ಲಿ ಇಳಿದದ್ದು ಉಗಾಂಡದ 1,600ರಷ್ಟು ಮಂದಿ ಮಾತ್ರ, ಡಿಸೆಂಬರಲ್ಲಿ ಬುರುಂಡಿ ಬರುವವರೆಗೆ ಅವರೇ ಗತಿ. ಮತ್ತೆ ನೆರೆಯವರ ಪ್ರಶ್ನೆ ಉಂಟು. ನೆರೆಯ ದೇಶ ರಪಕ್ಕ ಬರ್ತದೆ, ಆದ್ರೆ ಅದಕ್ಕೆ ಅಲ್ಲಿ ಸ್ವಂತ ಹಿತಾಸಕ್ತಿಯೂ ಇರ್ತದೆ. ಅದಕ್ಕೇ 2006ರ ಡಿಸೆಂಬರಿನ 1725ನೇ ನಿರ್ಣಯದಲ್ಲಿ ಸೊಮಾಲಿಯಾದ ಗಡಿ ದೇಶಗಳು ಪಡೆ ಕಳಿಸ್ಬಾರ್ದು ಅನ್ನುವ ಷರತ್ತನ್ನು ಒಪ್ಪಿಕೊಂಡಿದ್ದರು, ಆದ್ರೆ ಕೊನೆಗೆ 2012ರಲ್ಲಿ ಕೀನ್ಯಾ, 2014ರಲ್ಲಿ ಇಥಿಯೋಪಿಯಾ ಮಿಷನ್ ಒಳಗೆ ಬಂದವು. ಒಂದೊಂದು ದೇಶಕ್ಕೆ ಒಂದೊಂದು ಸೆಕ್ಟರ್ ಹಂಚಿ ಕೊಟ್ಟರು, ಆಮೇಲೆ ಫೋರ್ಸ್ ಕಮಾಂಡರ್ ಒಂದು ಹೇಳಿದ್ರೆ ತುಕಡಿಯವರು ತಮ್ಮ ರಾಜಧಾನಿಗೆ ಫೋನ್ ಮಾಡಿ ಕೇಳುದು. ಕಮಾಂಡ್ ಯಾರದ್ದು ಅನ್ನುದನ್ನು ಜನ ಕಳಿಸುವ ಮೊದಲೇ ಬರೆದು ಸಹಿ ಹಾಕಿಸಿ.

ಕಳಿಸುವ ದೇಶದ ಸ್ವಂತ ಕಾನೂನೂ ನೋಡ್ಬೇಕು, ಇದು ಯಾರ ತಲೆಗೂ ಹೋಗುದಿಲ್ಲ. ಹೈಟಿಗೆ ಪೊಲೀಸರನ್ನು ಕಳಿಸುದು ಸಂವಿಧಾನಕ್ಕೆ ವಿರುದ್ಧ ಅಂತ 2024ರ ಜನವರಿಯಲ್ಲಿ ನೈರೋಬಿ ಹೈಕೋರ್ಟ್ ತಡೆ ಹಾಕಿತು. ಎರಡು ದೇಶಗಳ ಮಧ್ಯೆ ಒಪ್ಪಂದ ಮಾಡಿಕೊಳ್ಲಿಕ್ಕೆ ಹೈಟಿಯ ಪ್ರಧಾನಿ ನೈರೋಬಿಗೆ ಹೋದ, ಮಾರ್ಚ್ 1ಕ್ಕೆ ಸಹಿ ಆಯ್ತು, ಅಷ್ಟರಲ್ಲಿ ಊರಲ್ಲಿ ಗ್ಯಾಂಗಿನವರು ಎದ್ದು ಅವನಿಗೆ ವಾಪಸ್ ಬರ್ಲಿಕ್ಕೇ ಆಗದೆ ರಾಜೀನಾಮೆ ಕೊಟ್ಟ. ಮೊದಲ ಕೀನ್ಯಾ ತಂಡ ಇಳಿದದ್ದು ಜೂನ್ 25ಕ್ಕೆ, ಒಪ್ಪಿಗೆ ಸಿಕ್ಕಿ ಎಂಟು ತಿಂಗಳಿಗೂ ಮೇಲೆ.

ಪೊಲೀಸರನ್ನು ಮರೀಬೇಡಿ, ಮಹಿಳೆಯರನ್ನಂತೂ ಮೊದಲೇ. 2007ರಲ್ಲಿ ಲೈಬೀರಿಯಾದ ವಿಶ್ವಸಂಸ್ಥೆ ಮಿಷನ್ನಿಗೆ ಹೋದ ಭಾರತದ ಮಹಿಳಾ ಪೊಲೀಸ್ ತುಕಡಿ ಪ್ರಪಂಚದಲ್ಲೇ ಆ ನಮೂನೆಯ ಮೊದಲನೆಯದ್ದು. ಮತ್ತೆ ನಮ್ಮ ಘಟ್ಟದ ಮೇಲಿನ ಮಡಿಕೇರಿಯ ಜನರಲ್ ತಿಮ್ಮಯ್ಯ 1964ರಿಂದ ಸೈಪ್ರಸ್ ಶಾಂತಿಪಡೆಯ ಕಮಾಂಡರ್ ಆಗಿದ್ದವರು, 1965ರ ಡಿಸೆಂಬರಲ್ಲಿ ಅಲ್ಲೇ ಕೆಲಸದಲ್ಲಿದ್ದಾಗ ತೀರಿಕೊಂಡರು. ನಮ್ಮ ಮಾಡೆಲ್ ಯುಎನ್ ಮಕ್ಕಳ ಬಾಯಲ್ಲಿ ಈ ಹೆಸರು ಬರ್ಬೇಕು, ಬರುದಿಲ್ಲ.

ಮುಟ್ಟಿಸುದು, ಸಾಕುದು

ಜನ ವಿಮಾನದಲ್ಲಿ, ಸಾಮಾನು ಹಡಗಲ್ಲಿ, ಹಾಗಾಗಿ ಎರಡೂ ಒಟ್ಟಿಗೆ ಮುಟ್ಟುದು ಕಮ್ಮಿ. ಒಳ್ಳೆಯ ಬಂದರು ಯಾವುದು, ಅಲ್ಲಿಂದ ರಸ್ತೆ ಹೇಗೆ ಅಂತ ಮೊದಲು ಮ್ಯಾಪ್ ನೋಡಿ. ಸೊಮಾಲಿಯಾ ಪಡೆಗೆ ಕೀನ್ಯಾದ ಮೊಂಬಾಸಾ ಬಂದರು ಆಧಾರ. ಮೊದಲು ಒಂದು ಸಣ್ಣ ತಂಡ ಹೋಗಿ ನೀರು, ಜಾಗ, ಸೆಕ್ಯುರಿಟಿ ನೋಡ್ಬೇಕು, ಬೋರ್‌ವೆಲ್ ಇಲ್ಲದ ಕಡೆ ಬೆಟಾಲಿಯನ್ ಇಳಿಸಿದ್ರೆ ಅದು ತನ್ನನ್ನು ತಾನು ಸಾಕುದ್ರಲ್ಲೇ ಸುಸ್ತು.

ಗಾಡಿ, ಜನರೇಟರ್ ಬಗ್ಗೆ ವಿಶ್ವಸಂಸ್ಥೆಯಲ್ಲಿ ಎರಡು ಕ್ರಮ ಉಂಟು, ವೆಟ್ ಲೀಸ್ ಮತ್ತು ಡ್ರೈ ಲೀಸ್. ವೆಟ್ ಅಂದ್ರೆ ಗಾಡಿಯೂ ರಿಪೇರಿಯೂ ಸ್ಪೇರ್ ಪಾರ್ಟೂ ತಂದ ದೇಶದ್ದೇ, ಬಾಡಿಗೆ ಜಾಸ್ತಿ ಸಿಗ್ತದೆ. ಡ್ರೈ ಅಂದ್ರೆ ಗಾಡಿ ಮಾತ್ರ ಅವರದ್ದು, ನೋಡಿಕೊಳ್ಳುವ ಕೆಲಸ ಮಿಷನ್ನಿನದ್ದು. ಇನ್ಸ್‌ಪೆಕ್ಟರ್ ಬಂದು ಚೆಕ್ ಮಾಡುವಾಗ ಗಾಡಿ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಬಾಡಿಗೆ ಕಟ್. 2018ರ ಜುಲೈಯಿಂದ ಸೈನಿಕನ ತಲೆಗೆ ತಿಂಗಳಿಗೆ 1,428 ಡಾಲರ್ ರೇಟ್ ಇಟ್ಟರು, ಅದು ಹೋಗುದು ಅವನ ಸರ್ಕಾರಕ್ಕೆ, ಅವನ ಕಿಸೆಗೆ ಎಷ್ಟು ಅನ್ನುದು ಸರ್ಕಾರದ ಇಷ್ಟ.

ಬೇಗ ಮುಟ್ಟಿದ್ದಕ್ಕೂ ಉದಾಹರಣೆ ಉಂಟು. ಗಾಂಬಿಯಾದಲ್ಲಿ ಎಲೆಕ್ಷನ್ ಸೋತ ಯಾಹ್ಯಾ ಜಮ್ಮೆ ಕುರ್ಚಿ ಬಿಡುದಿಲ್ಲ ಅಂದಾಗ, 2017ರ ಜನವರಿ 19ರಂದು ಎಕೋವಾಸ್ ಪಡೆ ಗಡಿ ದಾಟಿತು, 21ಕ್ಕೆ ಅವ ದೇಶ ಬಿಟ್ಟು ಹೋದ. ಸುಲಭ ಆಗ್ಲಿಕ್ಕೆ ಕಾರಣ ಭೂಗೋಳ, ಗಾಂಬಿಯಾದ ಮೂರು ಬದಿಯಲ್ಲೂ ಸೆನೆಗಲ್, ಮತ್ತೆ ಪಡೆಯ ದೊಡ್ಡ ಭಾಗವೂ ಸೆನೆಗಲಿನದ್ದೇ, ಗಾಡಿ ಓಡಿಸಿಕೊಂಡೇ ಹೋಗಬಹುದಿತ್ತು. ಇದಕ್ಕೆ ಉಲ್ಟಾ 2012ರ ಆಗಸ್ಟಲ್ಲಿ, ಸೊಮಾಲಿಯಾಕ್ಕೆ ಹೊರಟ ಉಗಾಂಡದ ಮೂರು ಯುದ್ಧ ಹೆಲಿಕಾಪ್ಟರ್ ದಾರಿಯಲ್ಲಿ ಕೀನ್ಯಾ ಪರ್ವತದಲ್ಲಿ ಬಿದ್ದವು. ಬದಲಿ ಕೊಡ್ಲಿಕ್ಕೆ ಯಾರೂ ಇಲ್ಲ, ಪಡೆ ವರ್ಷಗಟ್ಟಲೆ ನೆಲದ ಮೇಲೆಯೇ ಕಷ್ಟಪಟ್ಟಿತು.

ಹೊರಡುವ ದಾರಿ

ಇದನ್ನು ಹೋಗುವ ಮೊದಲೇ ಬರೀಬೇಕು. ಆಮಿಸೋಮ್ 6 ತಿಂಗಳಿಗೆ ಅಂತ ಹೊರಟದ್ದು, ಹೆಸರು ಬದಲಾಗಿ ಬದಲಾಗಿ ಇವತ್ತಿಗೂ ಸೊಮಾಲಿಯಾದಲ್ಲಿ ಆಫ್ರಿಕನ್ ಯೂನಿಯನ್ ಪಡೆ ಉಂಟು. ಮೊಜಾಂಬಿಕ್‌ನ ಕಾಬೊ ಡೆಲ್ಗಾಡೊ ಪ್ರಾಂತ್ಯಕ್ಕೆ 2021ರಲ್ಲಿ ಹೋದ, ಆಫ್ರಿಕಾ ಖಂಡದ ದಕ್ಷಿಣ ಭಾಗದ ದೇಶಗಳ ಸಂಘಟನೆಯ ಪಡೆ 2024ರ ಜುಲೈಯಲ್ಲಿ ವಾಪಸಾಯ್ತು, ದುಡ್ಡಿನ ಕೊರತೆ ಒಂದು ದೊಡ್ಡ ಕಾರಣ, ಅಲ್ಲಿ ಗಲಾಟೆ ಮುಗಿದಿರ್ಲಿಲ್ಲ. ಅದೇ ಸಂಘಟನೆ 2023ರ ಡಿಸೆಂಬರಲ್ಲಿ ಪೂರ್ವ ಕಾಂಗೋಗೆ ಇನ್ನೊಂದು ಪಡೆ ಕಳಿಸಿತ್ತು. 2025ರ ಜನವರಿಯಲ್ಲಿ ಎಂ23 ಬಂಡುಕೋರರು ಅಲ್ಲಿಯ ಗೋಮಾ ನಗರ ಹಿಡಿಯುವಾಗ ಆ ಸುತ್ತಿನಲ್ಲಿ ದಕ್ಷಿಣ ಆಫ್ರಿಕಾದ 14 ಸೈನಿಕರು ಸತ್ತರು. ಏರ್‌ಪೋರ್ಟ್ ಬಂದ್, ಉಳಿದವರು ಕ್ಯಾಂಪಲ್ಲೇ ಸಿಕ್ಕಿಹಾಕಿಕೊಂಡರು, ಮಾರ್ಚಲ್ಲಿ ಮಿಷನ್ ಮುಗಿಸುದು ಅಂತ ತೀರ್ಮಾನ ಆದ ಮೇಲೆ, ಎಂ23ಗೆ ಬೆನ್ನೆಲುಬು ಅಂತ ವಿಶ್ವಸಂಸ್ಥೆಯ ತಜ್ಞರೇ ಹೇಳಿದ ರುವಾಂಡಾದ ಒಳಗಿಂದಲೇ ರಸ್ತೆಯಲ್ಲಿ ತಾಂಜಾನಿಯಾಕ್ಕೆ ಹೊರಡಬೇಕಾಯ್ತು.

ನಿಮ್ಮ ಡ್ರಾಫ್ಟಲ್ಲಿ ಹಾಗಾಗಿ ಇಷ್ಟಾದ್ರೂ ಇರಲಿ: ಪಡೆ ಯಾವ ಕೆಲಸ ಆದ ಮೇಲೆ ಹೊರಡುದು, ಯಾವ ರಸ್ತೆ, ಯಾವ ಏರ್‌ಪೋರ್ಟ್, ಅದು ಬಂದ್ ಆದ್ರೆ ಇನ್ನೊಂದು ಯಾವುದು, ಮತ್ತೆ ವಾಪಸ್ ಬರುವ ಹಡಗಿನ ಬಾಡಿಗೆ ಯಾವ ಚೀಲದಿಂದ. ಯಾರಾದ್ರೂ ಡೆಲಿಗೇಟ್ ಎದ್ದು ನಿಂತು ಇಷ್ಟೆಲ್ಲ ಡೀಟೇಲ್ ಬೇಕಾ ಅಂತ ಕೇಳಿದ್ರೆ ಗೋಮಾದ ಕಥೆ ಹೇಳಿ.